ಟು ಬೇಕೋ ಇಂಗ್ ಬೇಕೋ, ಮೊದಲು ಕನ್ನಡವನ್ನೇ ಕೇಳಿ

ದಾವಣಗೆರೆಯ ಟ್ಯೂಷನ್‌ಗಳಲ್ಲಿ ಇಂಗ್ಲಿಷ್ ಗ್ರಾಮರ್ ಹೇಳಿಕೊಡೋ ರೀತಿ ಬದಲಾಗಬೇಕು. ಈ ಸಲ ಊರಿಗೆ ಹೋದಾಗ ವಿದ್ಯಾನಗರದಲ್ಲಿ ಅಕ್ಕನ ಮಗಳ ನೋಟ್‌ಬುಕ್ ನೋಡಿದೆ. ಪುಟದ ಮಧ್ಯೆ ಕೆಂಪು ಗೆರೆ. ಎಡಕ್ಕೆ ಇನ್ಫಿನಿಟಿವ್, ಅಂದರೆ ಮುಂದೆ 'ಟು ಈಟ್' ಥರ ಬರೋ ಕ್ರಿಯಾಪದಗಳು: ವಾಂಟ್, ಡಿಸೈಡ್, ಹೋಪ್, ರೆಫ್ಯೂಸ್. ಬಲಕ್ಕೆ ಜೆರಂಡ್, ಅಂದರೆ ಮುಂದೆ 'ಈಟಿಂಗ್' ಥರ ಇಂಗ್ ರೂಪ ಬರೋವು: ಎಂಜಾಯ್, ಅವಾಯ್ಡ್, ಫಿನಿಶ್, ಸಜೆಸ್ಟ್. ಸ್ಟಾಪ್, ರಿಮೆಂಬರ್ ಕೆಳಗಿನ ಮೂಲೆಯಲ್ಲಿ, ಎರಡೂ ಬರುತ್ತೆ ಅಂತ ಬರೆದಿದೆ, ಅಷ್ಟೇ. ಎರಡಕ್ಕೂ ಅರ್ಥ ಬೇರೆ ಅನ್ನೋ ಮಾತೇ ಇಲ್ಲ. ಬಾಯಿಪಾಠ ಮಾಡು, ಬಿಟ್ಟ ಸ್ಥಳ ತುಂಬು, ಮಾರ್ಕ್ಸ್ ತಗೋ. ಕ್ಲಾಸಲ್ಲಿ ಕನ್ನಡ ಮಾತಾಡೋ ಹಾಗೂ ಇಲ್ಲವಂತೆ.

ನಾನಿರೋದು ಪುಣೆಯಲ್ಲಿ. ನಮ್ಮ ಪಕ್ಕದ ಮನೆಯ ಟೀಚರ್ ಇದೇ ಪಾಠವನ್ನು ಮರಾಠಿಯಿಂದಲೇ ಶುರು ಮಾಡುತ್ತಾರೆ. 'ಖಾಯಲಾ ಥಾಂಬಲೋ' ಅಂದರೆ ತಿನ್ನೋಕೆ ನಿಂತೆ, 'ಖಾಣಂ ಥಾಂಬವಲಂ' ಅಂದರೆ ತಿನ್ನೋದು ನಿಲ್ಲಿಸಿದೆ. ಮಕ್ಕಳಿಗೆ ತಟ್ಟನೆ ಹೊಳೆಯುತ್ತೆ. ನಮ್ಮ ಕನ್ನಡದಲ್ಲೂ ಅದೇ ಇದೆ ಅಲ್ವಾ? 'ಐ ಸ್ಟಾಪ್ಡ್ ಟು ಈಟ್ ಮಂಡಕ್ಕಿ' ಅಂದರೆ ಹೋಗ್ತಾ ಹೋಗ್ತಾ ಮಂಡಕ್ಕಿ ತಿನ್ನೋಕೆ ನಿಂತೆ. 'ಐ ಸ್ಟಾಪ್ಡ್ ಈಟಿಂಗ್ ಮಂಡಕ್ಕಿ' ಅಂದರೆ ತಿನ್ನೋದನ್ನೇ ಬಿಟ್ಟೆ. ದಾವಣಗೆರೆಯ ಯಾವ ಮಗುವಿಗೂ ಈ ವ್ಯತ್ಯಾಸವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ರಿಮೆಂಬರ್ ಕೂಡ ಹಾಗೇ. 'ಬೀಗ ಹಾಕೋದು ನೆನಪಿರಲಿ' ಅಂದರೆ ಇನ್ನು ಮುಂದೆ ಆಗಬೇಕಾದ ಕೆಲಸ, ಅಲ್ಲಿ ಟು ಲಾಕ್. 'ಬೀಗ ಹಾಕಿದ್ದು ನೆನಪಿದೆ' ಅಂದರೆ ಆಗಿಹೋದದ್ದು, ಅಲ್ಲಿ ಲಾಕಿಂಗ್. ಇಲ್ಲಿ ಗಮನಿಸಿ, 'ಹಾಕೋದು' ಅಂತ ಬಂದರೂ ಇಂಗ್ಲಿಷಿನಲ್ಲಿ ಟು ಆಯಿತು. ಹಾಗಾಗಿ 'ತಿನ್ನೋಕೆ' ಥರದ ಪದಕ್ಕೆ ಟು, 'ತಿನ್ನೋದು' ಥರದ ಪದಕ್ಕೆ ಇಂಗ್ ಅಂತ ಇನ್ನೊಂದು ಸೂತ್ರ ಕಟ್ಟಿಕೊಟ್ಟರೆ ಅದೂ ಕೈಕೊಡುತ್ತೆ. ಕೆಲಸ ಆಗಿದೆಯೋ, ಆಗಬೇಕೋ ಅಂತ ಮೊದಲು ಕನ್ನಡದಲ್ಲಿ ಕೇಳಬೇಕು.

ಎಲ್ಲಾ ಕ್ರಿಯಾಪದಕ್ಕೂ ಇದು ನಡೆಯಲ್ಲ, ನಿಜ. ಸಜೆಸ್ಟ್ ಮಾಡೋದು ಮುಂದಿನ ಕೆಲಸವನ್ನೇ, ಆದರೂ 'ಸಜೆಸ್ಟೆಡ್ ಗೋಯಿಂಗ್' ಅನ್ನಬೇಕು, 'ಸಜೆಸ್ಟೆಡ್ ಟು ಗೋ' ತಪ್ಪು. ಇಂಥವನ್ನು ವಾಕ್ಯದಲ್ಲೇ ಕಲಿಯಬೇಕು, ಸುಮ್ನೆ ಪಟ್ಟಿಯಲ್ಲಲ್ಲ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಇಂಗ್ಲಿಷ್ ಮನೆಮಾತಲ್ಲದವರು ಎಲ್ಲಿ ಎಡವುತ್ತಾರೆ ಅಂತ ನೋಡಿದ್ದರಿಂದಲೇ, ಯಾವ ಕ್ರಿಯಾಪದದ ಜೊತೆ ಏನು ಬರುತ್ತೆ ಅನ್ನೋದನ್ನು ನಿಘಂಟಿನೊಳಗೇ ತೋರಿಸಿದರು. ಅದು ಮೊದಲು ಅಚ್ಚಾಗಿದ್ದು 1942ರಲ್ಲಿ, ಜಪಾನಿನಲ್ಲೇ. ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿ ಬೆಳೆದದ್ದು ಅದರಿಂದ. ಟ್ಯೂಷನ್‌ಗೆ ಅಷ್ಟು ಫೀಸ್ ಕಟ್ಟುವಾಗ ಅಂಥದ್ದೊಂದು ನಿಘಂಟು ಮಗುವಿನ ಕೈಗೆ ಕೊಡಿ.

ಇನ್ನೊಂದು ವಿಷಯ. 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಅಂತ ಪುಣೆಯ ಆಫೀಸ್ ಮೇಲ್‌ಗಳಲ್ಲೂ ಜಾಸ್ತಿ ಕಾಣುತ್ತೆ. ಇಲ್ಲಿನ ಟು ಇನ್ಫಿನಿಟಿವ್‌ನದಲ್ಲ, 'ಫಾರ್', 'ವಿತ್' ಥರದ ಬರೀ ಪ್ರಿಪೊಸಿಷನ್. ಅದರ ಮುಂದೆ ಒಂದು ನಾಮಪದ ಇಟ್ಟು ನೋಡಿ. 'ಲುಕಿಂಗ್ ಫಾರ್ವರ್ಡ್ ಟು ದುಗ್ಗಮ್ಮನ ಜಾತ್ರೆ' ಅಂತ ಸಲೀಸಾಗಿ ಹೇಳಬಹುದಲ್ವಾ? ಹಾಗಿದ್ದರೆ ಅಲ್ಲಿ 'ಟು ಮೀಟಿಂಗ್ ಯು' ಅಂತಲೇ ಬರಬೇಕು.