ಬಾರ್‌ಕೋಡ್ 890 ಇದ್ದರೆ ಭಾರತದಲ್ಲೇ ತಯಾರಾದದ್ದಾ?

"ಬಾರ್‌ಕೋಡ್ 890ರಿಂದ ಶುರುವಾದರೆ ಸ್ವದೇಶಿ, 690 ಇದ್ದರೆ ಚೀನಾ ಮಾಲು." ಮೊಬೈಲ್, ಚಾರ್ಜರ್ ಕೊಳ್ಳುವವರಿಗೆ ಈ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಬರುತ್ತಲೇ ಇರುತ್ತದೆ. ಇದು ಸರಿಯಲ್ಲ.

ಕಂಪನಿ ಆ ಸಂಖ್ಯೆಯನ್ನು ಯಾವ ದೇಶದ ಜಿಎಸ್1 (ಬಾರ್‌ಕೋಡ್ ಸಂಖ್ಯೆ ಹಂಚುವ) ಸಂಸ್ಥೆಯಿಂದ ಪಡೆದಿದೆ ಅನ್ನುವುದನ್ನಷ್ಟೇ ಮೊದಲ ಮೂರು ಅಂಕಿ ಹೇಳುತ್ತವೆ. ಮಾಲು ಎಲ್ಲಿ ತಯಾರಾಯಿತು ಅಂತ ಅಲ್ಲ. ಭಾರತದ ಕಂಪನಿಯೊಂದು ಚೀನಾದಲ್ಲಿ ಇಯರ್‌ಫೋನ್ ಮಾಡಿಸಿ ತಂದರೂ ಡಬ್ಬಿಯ ಮೇಲೆ 890 ಇರಬಹುದು. ಕೋಲಾರದ ನರಸಾಪುರದಲ್ಲಿ ಜೋಡಿಸಿದ ಐಫೋನ್‌ಗೆ 890 ಇರಲೇಬೇಕು ಅಂತಿಲ್ಲ, ಕಂಪನಿ ಅಮೆರಿಕದ್ದು ಅಲ್ವಾ?

ಹಾಗಾದರೆ ಏನು ನೋಡಬೇಕು? ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಇರುತ್ತದೆ. ಆಮದು ಮಾಲಾದರೆ ಮೂಲ ದೇಶವನ್ನೂ ಮುದ್ರಿಸಲೇಬೇಕು.

ಚಾರ್ಜರ್, ಪವರ್‌ಬ್ಯಾಂಕ್ ಆದರೆ ಇನ್ನೊಂದು ಗುರುತು ಹುಡುಕಿ: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, ಜೊತೆಗೆ 'ಆರ್' ಅಕ್ಷರದ ನಂತರ 8 ಅಂಕಿ ಇರುವ ನೋಂದಣಿ ಸಂಖ್ಯೆ. ಈ ನೋಂದಣಿ ಬ್ರ್ಯಾಂಡ್‌ಗೆ ಒಟ್ಟಾಗಿ ಸಿಗುವುದಿಲ್ಲ, ಒಂದೊಂದು ಕಾರ್ಖಾನೆಗೂ ಬೇರೆ ಬೇರೆ. ಅದಕ್ಕೇ ನನಗೆ ಇದರ ಮೇಲೆ ಜಾಸ್ತಿ ನಂಬಿಕೆ. 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ವಿವರ ಸಿಗುತ್ತದೆ. ಅಂಗಡಿಯಲ್ಲಿ ನಿಂತೇ ನೋಡಿಬಿಡಬಹುದು.