ಬ್ಲೂ ಮಸೀದಿ ಎದುರಿನ ಕಂಬ ಸುಲ್ತಾನ ತಂದಿದ್ದಾ? ಸತ್ಯಾಂಶ

ಇಸ್ತಾಂಬುಲ್‌ನ ಸುಲ್ತಾನ್‌ಅಹ್ಮೆತ್ ಚೌಕದ ಫೋಟೋ ಹಾಕಿ "ಈ ಕಂಬ ಆಟೋಮನ್ ಸುಲ್ತಾನ ಈಜಿಪ್ಟ್ ಗೆದ್ದು ತಂದು ಮಸೀದಿ ಎದುರು ನಿಲ್ಸಿದ್ದು" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಹಾಗಲ್ಲ. ಆಟೋಮನ್ನರು (ಟರ್ಕಿ ಸುಲ್ತಾನರ ವಂಶದವ್ರು) ಈಜಿಪ್ಟ್ ಗೆದ್ದಿದ್ದು 1517ರಲ್ಲಿ, ಕಂಬ ಅಲ್ಲಿ ನಿಂತಿದ್ದು ಕ್ರಿ.ಶ. 390ರಲ್ಲಿ, ನಿಲ್ಸಿದ್ದು ರೋಮನ್ ಚಕ್ರವರ್ತಿ ಥಿಯೊಡೋಸಿಯಸ್, ಬೇಕಾದ್ರೆ ಕಂಬದ ಬುಡದಲ್ಲಿರೋ ಅಮೃತಶಿಲೆ ಪೀಠ ನೋಡಿ, ಅವನು ಮನೆಯವರ ಜೊತೆ ಕೂತು ರೇಸ್ ನೋಡ್ತಿರೋ ಕೆತ್ತನೆ ಈಗ್ಲೂ ಇದೆ. ಕಂಬ ಮಾತ್ರ ಅದಕ್ಕೂ ಹಳೇದು, ಈಜಿಪ್ಟ್ ರಾಜ (ಫೆರೋ) ಮೂರನೇ ಥುಟ್‌ಮೋಸ್ ಕಾಲದ್ದು, ಅಂದ್ರೆ ಸುಮಾರು 3,500 ವರ್ಷದ್ದು!

ಈ ಜಾಗ ಮೊದ್ಲು ರಥದ ರೇಸ್ ಮೈದಾನ ಆಗಿತ್ತು. ಆಟೋಮನ್ನರು ಬಂದ್ಮೇಲೂ ಅದನ್ನ ಆತ್ ಮೈದಾನಿ ಅಂತಾನೇ ಕರೆದ್ರು, ಅಂದ್ರೆ ಕುದುರೆ ಮೈದಾನ (ನಮ್ಮ ಮೈದಾನ ಅನ್ನೋ ಪದಾನೂ ಇದೇ). ಪಕ್ಕದಲ್ಲೇ ಇರೋ ಹಾವಿನ ಕಂಬ ಗ್ರೀಸ್‌ನ ಡೆಲ್ಫಿಯಿಂದ ಬಂದಿದ್ದು, ಅದನ್ನ ತರಿಸಿದ್ದು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್. ಆಟೋಮನ್ನರದ್ದು ಅಂದ್ರೆ ಒಂದನೇ ಅಹ್ಮದ್ 1609ರಲ್ಲಿ ಶುರು ಮಾಡಿಸಿದ ಮಸೀದಿ, ಅದೇ ಬ್ಲೂ ಮಸೀದಿ. ಅದೇ ಚೌಕದಲ್ಲಿ ಗುಮ್ಮಟದ ಕಾರಂಜಿ ಇದ್ಯಲ್ಲ, ಅದು ಜರ್ಮನ್ ಕೈಸರ್ (ಚಕ್ರವರ್ತಿ) ಕೊಟ್ಟ ಗಿಫ್ಟ್, 1901ರದ್ದು.