ಏನೂ ಮಾಡಂಗಿಲ್ರೀ ಅದು!

"ಏನೂ ಮಾಡಂಗಿಲ್ರೀ ಅಕ್ಕಾರ, ಭಾಳ ಸಂಭಾವಿತ ಐತಿ ಅದು." ಪಾರ್ಕಿಗೆ ವಾಕಿಂಗ್ ಹೋದಾಗ ಕೇಳಿದ ಈ ಮಾತು ಎಂಟು ದಿನದಿಂದ ಕಿವ್ಯಾಗ ಗುಂಯ್ ಅನ್ನಾಕತ್ತೈತಿ. ನಾಯಿ ಸಂಭಾವಿತ ಅಂತ! ಇರಲಿ, ನಾಯಿ ಸಂಭಾವಿತನ ಇರಬಹುದು. ಅದರ ಹಗ್ಗದ ಇನ್ನೊಂದು ತುದಿ ಹಿಡ್ಕೊಂಡು ನಿಂತಿದ್ರಲ್ಲ, ನಾ ಕೇಳೂದು ಅವರ ಸುದ್ದಿ.

ಮನ್ಯಾಗ ಹೇಳಿದ್ರ "ಬಿಡ ಅತ್ಲಾಗ, ನಾಳಿಂದ ಮಾಳಿಗಿ ಮ್ಯಾಲ ಅಡ್ಡಾಡು" ಅಂತಾರ ನಮ್ಮ ಮನಿಯವ್ರು. ಮಾಳಿಗಿ ಮ್ಯಾಲ ನೀರಿನ ಟಾಕಿ ಎರಡು, ಅರಿವಿ ಒಣಹಾಕೋ ತಂತಿ ನಾಲ್ಕು, ಶ್ಯಾವಿಗಿ ಹರವಿದ ಹೊರಸು ಒಂದು. ಅಲ್ಲೆ ಸುತ್ತು ಹೊಡದ್ರ ತಲಿ ತಿರುಗಿ ಬೀಳ್ತೀನಿ. ಅದಕ್ಕ ಇಲ್ಲೆ ಬರ್ಯಾಕತ್ತೀನಿ, ಓದವ್ರು ಓದ್ರಿ.

ನನಗ ಶುಗರ್ ಬಂದು ಒಂಬತ್ತು ವರ್ಷ ಆತು. ಡಾಕ್ಟರು "ಬರೀ ಗುಳಿಗಿ ಸಾಲಂಗಿಲ್ಲ, ದಿನಾ ನಲವತ್ತು ನಿಮಿಷ ನಡೀರಿ" ಅಂದಾರ. ಅದಕ್ಕ ಐದಕ್ಕ ಎದ್ದು, ರಾತ್ರಿ ನೆನಿಸಿದ ಮೆಂತೆಕಾಳು ಒಂದು ಚಮಚ ನುಂಗಿ, ಬೂಟು ಏರಿಸಿಕೊಂಡು (ಸೀರಿ ಕೆಳಗ ಬೂಟು ಅಂತ ನಗಬ್ಯಾಡ್ರಿ, ಹುಬ್ಬಳ್ಳ್ಯಾಗ ಮುಂಜಾನೆ ಅರ್ಧ ಮಂದಿ ಹಿಂಗ ಹೊಂಟಿರ್ತೀವಿ) ವಿದ್ಯಾನಗರದ ಆಚೆ ಕಡೆ ಇರೋ ನಮ್ಮ ಓಣಿ ಪಾರ್ಕಿಗೆ ಹೋಗ್ತೀನಿ. ಎಂಟು ಸುತ್ತು. ಹೊಳ್ಳಿ ಬಂದ ಮ್ಯಾಲ ರೊಟ್ಟಿ ಬಡೀಬೇಕು, ಡಬ್ಬಿ ಕಟ್ಟಬೇಕು, ಅವತ್ತ ನಳದಾಗ ನೀರು ಬಂದ್ರಂತೂ ಮುಗೀತು. ದಿನಕ್ಕ ಇಪ್ಪತ್ನಾಕು ತಾಸಿನೊಳಗ ಆ ನಲವತ್ತು ನಿಮಿಷ ಅಷ್ಟ ನಂದು. ಅದರಾಗೂ ಪಾಲು ಬೇಡ್ತಾರಂದ್ರ ಸಿಟ್ಟು ಬರ್ತೈತಿ ಇಲ್ಲೋ?

ಉಣಕಲ್ ಕೆರಿ ದಂಡಿ, ನೃಪತುಂಗ ಬೆಟ್ಟ, ತೋಳನಕೆರಿ ಎಲ್ಲಾ ಅದಾವು, ನನಗೂ ಗೊತ್ತೈತಿ. ಧಾರವಾಡದವ್ರಿಗೆ ಕೆ.ಸಿ. ಪಾರ್ಕು, ಸಾಧನಕೇರಿ, ಯೂನಿವರ್ಸಿಟಿ ಗುಡ್ಡ. ಆದ್ರ ಮುಂಜಾನೆ ಆಟೋ ಮಾಡ್ಕೊಂಡು ವಾಕಿಂಗಿಗೆ ಹೋಗೂದು ಯಾವ ಶಾಣ್ಯಾತನ? ನಮಗ ಇರೋದು ಓಣಿ ಪಾರ್ಕು ಒಂದ. ಸುತ್ತಲೂ ಸಿಮೆಂಟ್ ಪೇವರ್ ಹಾಸಿದ ಹಾದಿ. ಹಾದಿ ಅಗಲ ಐದೂವರಿ ಫೂಟು, ಟೇಪ್ ಹಿಡದ ಅಳದೀನಿ. ಒಂದು ಮಗ್ಗಲಿಗೆ ಎತ್ತರದ ಕರ್ಬ್ ಕಲ್ಲು, ಇನ್ನೊಂದು ಮಗ್ಗಲಿಗೆ ಹಳದಿ ಎಲಿ ಬೇಲಿ. ಆ ಬೇಲಿ ಗಿಡಕ್ಕ ಡುರಾಂಟಾ ಅಂತ ಹೆಸರಂತ. ನಮ್ಮ ಮಾಲಿ "ದುರಂತ ಗಿಡಾ" ಅಂತಾನ. ಬರೋಬ್ಬರಿ ಅಂತಾನ.

ಈ ಐದೂವರಿ ಫೂಟಿನ್ಯಾಗ ಮಾರಥಾನ್ ತಯಾರಿ ಮಾಡವ್ರು ಬರ್ತಾರ, ಹಿಂದಕ್ಕ ನಡಿಯವ್ರು ಬರ್ತಾರ (ಬೆನ್ನಿಗೆ ಚೊಲೋ ಅಂತ, ನಮಗ ಢಿಕ್ಕಿ ಹೊಡದ್ರ ಯಾರ ಬೆನ್ನಿಗೆ ಚೊಲೋ ಅದು?), ಮೊಬೈಲಿನ್ಯಾಗ ಭಜನಿ ಹಚ್ಚಿ ಜೇಬಿನ್ಯಾಗ ಇಟ್ಕೊಂಡವ್ರು ಬರ್ತಾರ, ಗೇರ್ ಸೈಕಲ್ಲು ಬರ್ತಾವು, ನಾಯಿ ಬರ್ತಾವು. ಖರೇ ಹೇಳ್ತೀನಿ, ನಾವೂ ನಾಕು ಮಂದಿ ಹೆಣ್ಮಕ್ಕಳು ಒಂದ ಸಾಲಿನ್ಯಾಗ ಮಾತಾಡಕೋತ ಹೊಂಟಬಿಡ್ತೀವಿ, ಹಿಂದಿನವ್ರು "ಸ್ವಲ್ಪ ಸರೀರಿ" ಅಂದ್ರ ಮುಖಾ ಸಣ್ಣ ಮಾಡ್ತೀವಿ. ಇರಲಿ, ಅದು ಬ್ಯಾರೆ ಮಾತು.

ಹೋದ ಮಂಗಳವಾರ. ಇನ್ನೂ ಪೂರ್ತಿ ಬೆಳಕು ಹರದಿದ್ದಿಲ್ಲ. ಮೂರನೇ ಸುತ್ತಿನ್ಯಾಗ ಬೇವಿನ ಗಿಡದ ತಿರುವಿಗೆ ಬಂದೆ. ಬೆಂಚಿನ ಹತ್ರ ಒಬ್ಬರು ನಿಂತು ಒಂದು ಕೈಲೆ ಮೊಬೈಲ್ ತಿಕ್ಕಾಕತ್ತಿದ್ರು, ಇನ್ನೊಂದು ಕೈಯಾಗ ಪ್ಲಾಸ್ಟಿಕ್ ಹಿಡಿಕಿ. ಈಗ ಹೊಸಾ ನಮೂನಿ ಹಗ್ಗ ಬಂದಾವಲ್ಲ, ನಾಯಿ ಜಗ್ಗಿದಂಗೆಲ್ಲಾ ಒಳಗಿಂದ ದಾರ ಬಿಚಗೋತ ಹೋಗ್ತೈತಿ, ಗಾಳಿಪಟದ ಚರಕದಿಂದ ಹೋದಂಗ. ಅವರು ಹಾದಿ ಆ ಕಡೆ, ನಾಯಿ ಈ ಕಡೆ ಬೇವಿನ ಬುಡಕ್ಕ ಕಾಲೆತ್ತಿ ನಿಂತೈತಿ. ನಡುವ ಮೊಣಕಾಲ ಮಟ್ಟಕ್ಕ ಕರೀ ದಾರ, ಶ್ಯಾವಿಗಿಕಿಂತ ಒಂದೀಟು ದಪ್ಪ. ಆ ಮಬ್ಬಿನ್ಯಾಗ ಯಾರ ಕಣ್ಣಿಗೆ ಬೀಳಬೇಕು?

ನನಗ ಕಾಣಿಸ್ತು, ಯಾಕಂದ್ರ ನಾ ನೆಲಾ ನೋಡಕೋತ ನಡಿಯಾಕಿ. ನಿಂತೆ. ಹಿಂದಿಂದ ಸೊರ್ರ್ ಅಂತ ಸೈಕಲ್ ಸಪ್ಪಳ. ಬೆಲ್ಲು ಇಲ್ಲ, ಗಿಲ್ಲು ಇಲ್ಲ. ಹದಿನಾರು ಹದಿನೇಳರ ಹುಡುಗ. ಅವಗ ದಾರ ಕಂಡಿದ್ದು ಎರಡು ಮಾರು ಉಳದಾಗ. ಬ್ರೇಕ್ ಒತ್ತಿದ, ಹ್ಯಾಂಡಲ್ ಹೊಳ್ಳಿಸಿದ, ನೆಟ್ಟಗ ನನ್ನ ಕಾಲಿಗೆ ಬಂದ. ನಾ ಕರ್ಬ್ ಕಲ್ಲಿನ ಮ್ಯಾಲ. ನಾಯಿ ಗಾಬರಿಯಾಗಿ ನನ್ನ ಮ್ಯಾಲ. ಹಸರ ಬಳಿ ಎರಡು ಒಡದ್ವು, ಮುಂಗೈ ಮ್ಯಾಲ ಉಗುರು ಗೀರಿತು, ಮೊಣಕಾಲು ಸುಲೀತು, ಸೀರಿ ಹರೀತು.

ಇಲ್ಲಿತನಕ ನನಗ ಸಿಟ್ಟು ಬಂದಿದ್ದಿಲ್ರೀ, ದೇವರಾಣಿ. ಬೀಳೂದು ಏಳೂದು ಇದ್ದದ್ದ. ಆ ಹುಡುಗ ಸೈಕಲ್ ಅಲ್ಲೆ ಒಗದು ಓಡಿ ಬಂದು "ಸಾರಿ ರೀ ಆಂಟಿ, ಸಾರಿ ರೀ" ಅನಕೋತ ಎಬ್ಬಿಸಿ ಕುಂದ್ರಿಸಿದ, ತನ್ನ ಬಾಟಲಿ ನೀರು ಕೊಟ್ಟ. ಇತ್ಲಾಗ ನಾಯಿ ಧಣಿ ಏನ ಮಾಡಿದ್ರು? ಮೊಣಕಾಲೂರಿ ಕುಂತು ನಾಯಿ ಪಾದ ಎತ್ತಿ ನೋಡಿ "ಪೆಟ್ಟ ಬಿತ್ತೇನ ಬಂಗಾರಿ?" ಅಂದ್ರು. ನಾಯಿಗ್ರೀ! ಆಮ್ಯಾಲ ನನ್ನ ಕಡೆ ತಿರುಗಿ, "ಏನೂ ಮಾಡಂಗಿಲ್ರೀ ಅಕ್ಕಾರ..."

"ಉಗುರು ಹತ್ತೇತಲ್ರೀ" ಅಂದೆ. "ಇಂಜೆಕ್ಷನ್ ಆಗೇತಿ ಅದಕ್ಕ." "ಹಂಗಾರ ಕಾರ್ಡು ತೋರಸ್ರಿ." "ಮನ್ಯಾಗ ಎಲ್ಲೋ ಐತಿ, ಹುಡುಕಿ ವಾಟ್ಸಾಪ್ ಮಾಡ್ತೀನಿ." ಎಂಟು ದಿನದಾಗ ವಾಟ್ಸಾಪಿಗೆ ಬಂದಿದ್ದು ಒಂದು ಗುಡ್ ಮಾರ್ನಿಂಗ್ ಗುಲಾಬಿ ಹೂವು.

ಸರ್ಕಾರಿ ದವಾಖಾನಿಗೆ ಹೋದೆ. ಕಚ್ಚಿದ್ರ ಅಷ್ಟ ಅಲ್ಲ, ಉಗುರು ಗೀರಿದ್ರೂ ಸೂಜಿ ಬೇಕಂತ. ಮೊದಲ ಸಾಬಾನು ಹಚ್ಚಿ ಹರಿಯೋ ನೀರಿನ್ಯಾಗ ಹದಿನೈದು ನಿಮಿಷ ತೊಳೀಬೇಕಂತ. ಅದನ್ನ ಬಿಟ್ಟು ನಮ್ಮ ಮಂದಿ ಅರಿಶಿಣ, ಸುಣ್ಣ, ಖಾರದಪುಡಿ ಎಲ್ಲಾ ಬಡೀತಾರ, ಅದು ಸುತಾರಾಂ ಕೂಡದು ಅಂದ್ರು ನರ್ಸಮ್ಮಾರು. ಸೂಜಿ ನಾಕು ಸಲ: ಅವತ್ತ ಒಂದು, ಆಮ್ಯಾಲ 3, 7, 28ನೇ ದಿನಕ್ಕ. ಪ್ರತಿ ಸಲ ಎರಡೂ ತೋಳಿಗೆ ಒಂದೊಂದು. ಎಂಟು ಚುಚ್ಚು ಆತು. ರೊಕ್ಕ ಏನೂ ಹತ್ತಂಗಿಲ್ಲ, ಖರೇ. ಆದ್ರ ಚೀಟಿ ಮಾಡಸಾಕ ಪಾಳಿ, ಸೂಜಿಗೆ ಪಾಳಿ, ಹೋಗಿ ಬರಾಕ ಆಟೋ. ನಿನ್ನೆಗೆ ಮೂರನೇದ್ದು ಮುಗೀತು. ಮೊಣಕಾಲ ಗಾಯ ಇನ್ನೂ ಮಾದಿಲ್ಲ, ಶುಗರ್ ಮೈಯಲ್ಲ. ಸಂಭಾವಿತ ನಾಯಿ ಮಾತ್ರ ಮರುದಿನನ ಪಾರ್ಕಿಗೆ ಬಂದಿತ್ತಂತ.

ನನಗ ನಾಯಿ ಕಂಡ್ರ ಆಗಂಗಿಲ್ಲ ಅನ್ಕೋಬ್ಯಾಡ್ರಿ. ನನ್ನ ತವರು ಮುಧೋಳ ಸೀಮಿ. ನಮ್ಮಪ್ಪ ಬ್ಯಾಟಿ ನಾಯಿ ಸಾಕಿದ್ದ, ಬಾಣದಂಗ ಓಡೂದು. ಆದ್ರ ಸಂತಿಗೆ ಕರಕೊಂಡು ಹೊಂಟ್ರ ಹಗ್ಗ ಮುಂಗೈಗೆ ಎರಡು ಸುತ್ತು ಸುತಿಗೊಂಡು, ನಾಯಿ ತನ್ನ ತೊಡಿಗೆ ಹತ್ತಿ ನಡಿಯೂ ಹಂಗ ಹಿಡೀತಿದ್ದ. ಯಾರರ ಸಣ್ಣ ಹುಡುಗರು ಎದುರಿಗೆ ಬಂದ್ರ ತಾನ ಹಾದಿ ಬಿಟ್ಟು ಕೆಳಗ ಇಳೀತಿದ್ದ. ಸಾಲಿ ಕಲ್ತಾವಲ್ಲ ನಮ್ಮಪ್ಪ.

ನನ್ನ ತಂಗಿ ಮಗ ನವನಗರದ ಲಾ ಯೂನಿವರ್ಸಿಟ್ಯಾಗ ಓದ್ತಾನ. ಅವನ್ನ ಕೇಳಿದೆ, ಪಾರ್ಕಿಗೆ ನಾಯಿನ ಬರಬಾರದು ಅಂತ ಬೋರ್ಡ್ ಹಾಕಿಸಾಕ ಬರ್ತೈತೇನೋ ಅಂತ. "ದೊಡ್ಡವ್ವಾ, ಹಂಗ ಬರಂಗಿಲ್ಲ. ಪ್ರಾಣಿ ಕಲ್ಯಾಣ ಮಂಡಳಿಯವ್ರು 2015ರಾಗ ಸುತ್ತೋಲೆ ಹೊರಡಿಸ್ಯಾರ, ಓಣಿ ಸಂಘದವ್ರು ಸಾಕಿದ ನಾಯಿನ ಪಾರ್ಕಿಗೆ ಬಿಡಂಗಿಲ್ಲ ಅನ್ನೂ ಹಂಗಿಲ್ಲ, ಬೇಕಾದ್ರ ಟೈಮು ಗೊತ್ತು ಮಾಡಬಹುದು" ಅಂದ. ಅಷ್ಟ ಆದ್ರೂ ಮಾಡ್ರಲ್ಲ! ಏಳರ ಮ್ಯಾಲ ಬರ್ರಿ ಅನ್ರಿ, ಅಷ್ಟೊತ್ತಿಗೆ ನಮ್ಮಂಥವ್ರು ಮನಿ ಸೇರಿರ್ತೀವಿ. ಮತ್ತ ಇನ್ನೊಂದು ಹೇಳಿದ: ಸಾಕಿದ ಪ್ರಾಣಿನ ನೆಟ್ಟಗ ಹಿಡ್ಕೊಳ್ಳದ ಇನ್ನೊಬ್ಬರಿಗೆ ಅಪಾಯ ಮಾಡಿದ್ರ ಭಾರತೀಯ ನ್ಯಾಯ ಸಂಹಿತೆ 291ನೇ ಕಲಮಿನ್ಯಾಗ ಆರು ತಿಂಗಳತನಕ ಜೈಲು, ಇಲ್ಲಾ 5000 ರೂಪಾಯಿತನಕ ದಂಡ, ಇಲ್ಲಾ ಎರಡೂ. ಹಳೇ ಕಾಯ್ದೆದಾಗ ದಂಡ ಬರೀ ಸಾವಿರ ಇತ್ತಂತ. ನಾ ಏನ ಕೇಸ್ ಹಾಕಾಕಿ ಅಲ್ಲ, ಒಂದ ಓಣ್ಯಾಗ ಇರವ್ರು. ಆದ್ರ ಕಲಮು ನಂಬರ್ ಬರದು ಇಟಗೊಂಡೀನಿ.

ಬೀದಿ ನಾಯಿದು ಇನ್ನೊಂದು ಕಥಿ. ನಮ್ಮ ಪಾರ್ಕಿನ್ಯಾಗ ಒಬ್ಬರು ದಿನಾ ಪುಣ್ಯ ಗಳಸಾಕ ಬರ್ತಾರ. ಬಿಸ್ಕೀಟ್ ಪುಡಿಕಿ ಒಡದು ಜೋಕಾಲಿ ಮುಂದನ ಚೆಲ್ತಾರ. ಐದಾರು ನಾಯಿ ಕೂಡ್ತಾವು, ಕಚ್ಚಾಡ್ತಾವು, ಹುಡುಗರು ಜೋಕಾಲಿ ಕಡೆ ಹೋಗೂದನ್ನ ಬಿಟ್ಟಾವು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಾಗನ ಐತಂತ, ಹುಡುಗರು ಆಡೋ ಜಾಗಾ, ಮಂದಿ ಹೋಗಿ ಬರೋ ಬಾಗಲಾ ಬಿಟ್ಟು ದೂರ ಹಾಕಬೇಕು ಅಂತ. 2025ರ ಆಗಸ್ಟಿನ್ಯಾಗ ಸುಪ್ರೀಂ ಕೋರ್ಟೂ ವಾರ್ಡಿಗೆ ಇಂತಿಷ್ಟು ಅಂತ ಬ್ಯಾರೆ ಜಾಗಾ ಗುರುತು ಮಾಡ್ರಿ ಅಂದೈತಿ. ಹೇಳಿದ್ರ "ಮೂಕ ಪ್ರಾಣಿ ಶಾಪ ಹತ್ತೈತಿ ನಿಮಗ" ಅಂತಾರ. ಆ ಶಾಪ ಜೋಕಾಲಿ ಮುಂದ ಅಷ್ಟ ಹತ್ತೂದೇನು, ಹಿಂದಿನ ಖಾಲಿ ಜಾಗಾದಾಗ ಹಾಕಿದ್ರ ಹತ್ತಂಗಿಲ್ಲೇನು?

ಸೈಕಲ್ ಹುಡುಗಗ ನಾ ಬೈಲಿಲ್ಲ ಅಂತಲ್ಲ, ಬೈದೆ. ಎರಡು ದಿನಾ ಬಿಟ್ಟು ಮನಿಗೇ ಬಂದಿದ್ದ, ಕೈಯಾಗ ನಾಕು ಮೋಸಂಬಿ. "ವಾಕಿಂಗ್ ಟ್ರ್ಯಾಕಿನ್ಯಾಗ ಸೈಕಲ್ ಯಾಕ ಹೊಡೀತಿಯೋ ತಮ್ಮಾ?" ಅಂದೆ. "ಮತ್ತ ಎಲ್ಲಿ ಹೊಡೀಲ್ರೀ ಆಂಟಿ?" ಅಂದ. ಸುಮ್ಮನಾದೆ. ಹುಬ್ಬಳ್ಳಿ ಧಾರವಾಡ ರೋಡಿನ್ಯಾಗ ನಡುವಿನ ದಾರಿ ಚಿಗರಿ ಬಸ್ಸಿಗೆ, ಮಗ್ಗಲದಾಗ ಕಾರು, ಟಂಟಂ, ಬೈಕು, ಟ್ರಕ್ಕು. ಉಣಕಲ್ ನಾಲಾ ದಂಡಿಗುಂಟ ಸೈಕಲ್ ಹಾದಿ ಕೆಲಸ ಹಿಡದಾರ, ಅಲ್ಲೀತನಕ ಹೋಗಬೇಕಾದ್ರೂ ಈ ಹುಡುಗ ಅದ ರೋಡಿಗೆ ಇಳೀಬೇಕು. ಅವರವ್ವ ಅದಕ್ಕ ಪಾರ್ಕಿನ್ಯಾಗ ಹೊಡಿ ಅಂದಾಳಂತ. ತಾಯಿ ಹೊಟ್ಟಿ ಸಂಕಟ ನನಗೂ ತಿಳೀತೈತಿ. ಆದ್ರೂ ಬಿಡ್ಲಿಲ್ಲ ನಾ. "ಬೆಲ್ಲು ಹಾಕಿಸು, ಮಂದಿ ಇದ್ದಾಗ ಇಳದು ನೂಕ್ಕೊಂಡು ಹೋಗು" ಅಂದೆ. ಹಾಕಿಸ್ಯಾನ. ಟ್ರಿಣ್ ಟ್ರಿಣ್ ಅಂತ ನನ್ನ ನೋಡಿ ಬೇಕಂತನ ಬಾರಸ್ತಾನ ಈಗ.

ಆದ್ರ ನಮ್ಮ ಹಿರ್ಯಾರ ಗುಂಪು ಏನ ಮಾಡ್ತು ಗೊತ್ತೇನು? ನನ್ನ ಸುದ್ದಿ ಕೇಳಿ "ಸೈಕಲ್ ಬಂದ್ ಮಾಡಸ್ತೀವಿ" ಅಂತ ಮೀಸಿ ತಿರುವಿ, ಗೇಟಿನ್ಯಾಗ ಮೂರು ಗಾಲಿ ಸೈಕಲ್ ಮ್ಯಾಲ ಬಂದ ನಾಕು ವರ್ಷದ ಕೂಸನ್ನ ತಡದು ಹೊಳ್ಳಿ ಕಳಿಸಿದ್ರು. ಆ ಕೂಸು ಅಳಕೋತ ಹೋತು. ಹುಲಿಯಂಥಾ ಗಂಡಸ್ರು, ನಾಯಿ ಧಣಿ ಮುಂದ "ನಮಸ್ಕಾರ ಸರ್" ಅಂತಾರ. ದೊಡ್ಡ ಕಾರು ಐತಲ್ಲ ಅವರದು.

ಕೊನೀಗೆ ಅರ್ಜಿ ಬರಕೊಂಡು ಆಫೀಸಿಗೆ ಹೋದೆ. ಯಾವ ಆಫೀಸು ಅಂತ ಹೇಳಂಗಿಲ್ಲ, ಎಲ್ಲಾ ಒಂದ. ಒಂದನೇ ಟೇಬಲಿನವ್ರು "ಗಿಡಾ ಒಣಗಿದ್ರ ಅಷ್ಟ ನಮಗ ಬರ್ತೈತಿ, ನಾಯಿ ಆ ಕಡೆ ರೂಮು" ಅಂದ್ರು. ಆ ಕಡೆ ರೂಮಿನವ್ರು "ಬೀದಿ ನಾಯಿ ಆದ್ರ ನಮಗ ಬರ್ತೈತಿ, ಸಾಕಿದ್ದು ಬರಂಗಿಲ್ಲ" ಅಂದ್ರು. ಸೈಕಲ್ಲು ಯಾರಿಗೂ ಬರಂಗಿಲ್ಲ. ಅರ್ಜಿ ಮ್ಯಾಲ ಠಸ್ಸಿ ಒತ್ತಿ ಕೊಟ್ಟು, ಭಾಳ ಸಮಾಧಾನದಿಂದ ಹೇಳಿದ್ರು: "ಇದಕ್ಕ ನಾವ್ ಏನೂ ಮಾಡಂಗಿಲ್ರೀ ಅಕ್ಕಾರ." ಬಂತಲ್ಲ ಮತ್ತ ಅದ ಮಾತು! ನಾಯಿನೂ ಏನೂ ಮಾಡಂಗಿಲ್ಲ, ಇವ್ರೂ ಏನೂ ಮಾಡಂಗಿಲ್ಲ. ಗೇಟಿನ್ಯಾಗ ಪಾರ್ಕಿನ ನಿಯಮದ ಬೋರ್ಡ್ ಐತಿ, ಅದರ ಮ್ಯಾಲ ಕೋಚಿಂಗ್ ಕ್ಲಾಸಿನ ಪೋಸ್ಟರ್ ಹಚ್ಚಿದಾರ. ಉಗುರಿಲೆ ಕೆರದು ನೋಡಿದೆ. "ಉದ್ಯಾನದ ಒಳಗೆ ಹೂ ಕೀಳಬಾರದು" ಅನ್ನೋತನಕ ಬಂತು, ಕೆಳಗಿಂದು ಪೋಸ್ಟರ್ ಜೋಡಿನ ಕಿತ್ತು ಬಂತು.

ಇವತ್ತ ಮುಂಜಾನೆ ಕುಂಟಕೋತ ಮತ್ತ ಹೋಗಿದ್ದೆ. ಮಾಳಿಗಿ ಮ್ಯಾಲ ಅಡ್ಡಾಡೂದು ನನ್ನ ಕಡೆ ಆಗಂಗಿಲ್ಲ. ಬೇವಿನ ಗಿಡದ ತಿರುವಿನ್ಯಾಗ ಅದ ಬೆಂಚು, ಅದ ಮೊಬೈಲು. ನಾಯಿ ನನ್ನ ನೋಡಿ ಬಾಲ ಬಡೀತು. "ನೋಡ್ರಿ ಅಕ್ಕಾರ, ಗುರ್ತ ಹಿಡೀತು ನಿಮ್ಮನ್ನ!" ಅಂದ್ರು ಭಾರೀ ಖುಷಿಲೆ.

"ಕಾರ್ಡು ಸಿಕ್ತೇನ್ರೀ?" ಅಂದೆ.

"ಅಯ್ಯ, ಮರತ ಬಿಟ್ಟೆ ನೋಡ್ರಿ."

ಕರೀ ದಾರ ಹಾದಿಗೆ ಅಡ್ಡಾಗಿ ಬೇವಿನ ಬುಡದತನಕ ಬಿಚಗೊಂಡಿತ್ತು. ಸೀರಿ ನಿರಿಗಿ ಎತ್ತಿ ಹಿಡಕೊಂಡು, ಸುಲದ ಮೊಣಕಾಲು ಮಡಚಿ, ಅದನ್ನ ದಾಟಿ ಹೋದೆ.